ಚಿತ್ರ ಬರೆಯುವ ಮಗಳಿಗೆ ಯಾವ ಕಾಲೇಜು, ಯಾವ ವಿಭಾಗ?

ಹಾವೇರಿಯ ತಂದೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಎಂಜಿನಿಯರಿಂಗ್ ಸೀಟು ಸಿಗುವಷ್ಟು ಅಂಕಗಳಿದ್ದರೂ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದನ್ನೇ ಕಲಿಯುತ್ತೇನೆಂದು ಪಟ್ಟು ಹಿಡಿದಿದ್ದಾಳೆ. ಮನೆಯಲ್ಲಿ ಮೂರು ತಿಂಗಳು ನಡೆದ ವಾದವನ್ನು ಇಲ್ಲಿ ಮತ್ತೆ ಎತ್ತುವ ಉದ್ದೇಶ ನನಗಿಲ್ಲ; ಅವಳು ಗೆದ್ದಿದ್ದಾಳೆ, ನಾನು ಒಪ್ಪಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಗ್ರೇಡ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳೆರಡನ್ನೂ ಪಾಸು ಮಾಡಿದ್ದಾಳೆ ಎಂಬುದನ್ನು ಬಿಟ್ಟರೆ, ಕಲಾಶಿಕ್ಷಣದ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಏನೂ ತಿಳಿಯದು.

ನನ್ನ ತೊಡಕು ಇಷ್ಟೆ. ನಾನು ವಿಚಾರಿಸಿದ ಯಾವ ಚಿತ್ರಕಲಾ ಕಾಲೇಜಿನಲ್ಲೂ ಇಲಸ್ಟ್ರೇಷನ್ ಎಂಬ ಹೆಸರಿನ ವಿಭಾಗ ಇಲ್ಲ. ಎಲ್ಲ ಕಡೆಯೂ ಬಿ.ವಿ.ಎ. ಎಂಬ ನಾಲ್ಕು ವರ್ಷಗಳ ದೃಶ್ಯಕಲಾ ಪದವಿ ಇದೆ. ಮೊದಲ ವರ್ಷ ಎಲ್ಲರಿಗೂ ಫೌಂಡೇಷನ್ ಎಂಬ ಒಂದೇ ಪಾಠ, ಆಮೇಲೆ ಚಿತ್ರಕಲೆ, ಶಿಲ್ಪಕಲೆ, ಗ್ರಾಫಿಕ್ಸ್, ಅನ್ವಯಿಕ ಕಲೆ, ಕಲಾ ಇತಿಹಾಸ ಎಂದು ಕವಲೊಡೆಯುತ್ತದೆ ಎನ್ನುತ್ತಾರೆ. ಗ್ರಾಫಿಕ್ಸ್ ಎಂದರೆ ಕಂಪ್ಯೂಟರಿನಲ್ಲಿ ಚಿತ್ರ ಮಾಡುವುದು ಎಂದುಕೊಂಡು ಅದನ್ನೇ ಮೊದಲ ಆಯ್ಕೆಯಾಗಿ ಬರೆಯಬೇಕೆಂದಿದ್ದೇನೆ. ಇದು ಸರಿಯೇ? ನನ್ನದು ಸಹಕಾರಿ ಸಂಘವೊಂದರ ನೌಕರಿ, ಇನ್ನೊಬ್ಬ ಮಗ ಎಂಟನೆಯ ತರಗತಿಯಲ್ಲಿದ್ದಾನೆ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಸಲಹೆ ಕೊಡಬೇಕಾಗಿ ವಿನಂತಿ.

ಮುದ್ರಣಕಲೆಯವನು, ಬೆಂಗಳೂರು:

ಸ್ವಾಮಿ, ದಯವಿಟ್ಟು ಒಂದು ದಿನ ತಡೆಯಿರಿ. ನಮ್ಮ ಕಲಾ ಕಾಲೇಜುಗಳಲ್ಲಿ ಗ್ರಾಫಿಕ್ಸ್ ಎಂದರೆ ಕಂಪ್ಯೂಟರಿನ ಕೆಲಸ ಅಲ್ಲ, ಮುದ್ರಣಕಲೆ. ಮರದ ಹಲಗೆಯನ್ನು ಉಳಿಯಿಂದ ಕೆತ್ತಿ ಶಾಯಿ ಹಚ್ಚಿ ಅಚ್ಚು ತೆಗೆಯುವುದು, ಸತುವಿನ ತಗಡಿನ ಮೇಲೆ ಗೀರಿ ಅದನ್ನು ಆಮ್ಲದಲ್ಲಿ ಅದ್ದಿ ಎಚಿಂಗ್ ಮಾಡುವುದು, ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು ಲಿಥೋ ತೆಗೆಯುವುದು, ಇವು ಅಲ್ಲಿನ ಪಾಠಗಳು. ನಾನು ಅದೇ ವಿಭಾಗದಲ್ಲಿ ಓದಿದವನು. ನಮ್ಮ ತರಗತಿಗೆ ಸೇರಿದವರಲ್ಲಿ ಮೂವರು ಮೊದಲ ದಿನ ಕಂಪ್ಯೂಟರ್ ಕೊಠಡಿ ಎಲ್ಲಿದೆಯೆಂದು ಕೇಳಿದ್ದರು; ಅವರಿಗೆ ತೋರಿಸಿದ್ದು ಕೈಯಿಂದ ತಿರುಗಿಸುವ ಕಬ್ಬಿಣದ ಪ್ರೆಸ್ಸನ್ನು.

ಹಾಗೆಂದು ಅದು ನಿಮ್ಮ ಮಗಳಿಗೆ ಸಲ್ಲದ ವಿಭಾಗ ಎಂದು ನಾನು ಹೇಳುವುದಿಲ್ಲ. ಪ್ರಜಾವಾಣಿ, ಸುಧಾ ಓದುತ್ತ ಬೆಳೆದವರಿಗೆ ಚಂದ್ರನಾಥ ಆಚಾರ್ಯರ ಕಥಾಚಿತ್ರಗಳು ನೆನಪಿರುತ್ತವೆ; ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನದ ಕಲಾಭವನದಲ್ಲಿ ಅವರು ಓದಿದ್ದು ಇದೇ ಗ್ರಾಫಿಕ್ಸ್. ತಗಡಿನ ಮೇಲೆ ಎಳೆದ ಗೆರೆಯನ್ನು ಅಳಿಸುವುದು ಸುಲಭವಲ್ಲದ ಕಾರಣ, ಆ ವಿಭಾಗದಲ್ಲಿ ಪಳಗಿದವರ ಗೆರೆಗೆ ಒಂದು ನಿರ್ಧಾರ ಬರುತ್ತದೆ. ಆದರೆ ತಿಳಿದು ಸೇರುವುದು ಬೇರೆ, ಹೆಸರು ನೋಡಿ ಮೋಸಹೋಗುವುದು ಬೇರೆ. ನೀವು ಹುಡುಕುತ್ತಿರುವ ಪಾಠ ಇರುವುದು ಅನ್ವಯಿಕ ಕಲೆಯಲ್ಲಿ.

ಪುಸ್ತಕಗಳಿಗೆ ಚಿತ್ರ ಬರೆಯುವವಳು:

ಮೇಲಿನವರು ಹೇಳಿದ್ದು ನಿಜ. ಅದಕ್ಕೆ ಸ್ವಲ್ಪ ಸೇರಿಸಬೇಕು, ಏಕೆಂದರೆ ಅನ್ವಯಿಕ ಕಲೆ ಎಂಬ ಹೆಸರೂ ಅರ್ಧ ಮಾತ್ರ ಹೇಳುತ್ತದೆ. ಹಿಂದೆ ಇದನ್ನು ಕಮರ್ಷಿಯಲ್ ಆರ್ಟ್ ಎನ್ನುತ್ತಿದ್ದರು, ಮತ್ತು ಪಾಠಗಳ ಬೆನ್ನೆಲುಬು ಇಂದಿಗೂ ಜಾಹೀರಾತೇ ಆಗಿದೆ. ರಾಜ್ಯದ ಒಂದು ಕಾಲೇಜಿನಲ್ಲಿ ನಾನು ಇದನ್ನು ಓದುವಾಗ ಲಾಂಛನ, ಪೋಸ್ಟರು, ಪೊಟ್ಟಣದ ವಿನ್ಯಾಸ, ಒಂದು ಸೋಪಿಗೋ ಬ್ಯಾಂಕಿಗೋ ಇಡೀ ಪ್ರಚಾರಮಾಲೆ, ಇವುಗಳಿಗೇ ಹೆಚ್ಚಿನ ಸಮಯ ಹೋಗುತ್ತಿತ್ತು. ಇಲಸ್ಟ್ರೇಷನ್ ಎಂಬುದು ಹಲವು ವಿಷಯಗಳಲ್ಲಿ ಒಂದಾಗಿ ಬರುತ್ತಿತ್ತು. ಅದೇ ವಿಷಯವನ್ನು ಕೊನೆಯ ವರ್ಷದ ವಿಶೇಷ ಅಧ್ಯಯನವಾಗಿ ಹಿಡಿದು, ಒಂದು ಇಡೀ ಪುಸ್ತಕವನ್ನೇ ಮಾಡಿ ಮುಗಿಸಲು ಬಿಡುವ ಕಾಲೇಜೂ ಉಂಟು, ಬಿಡದ ಕಾಲೇಜೂ ಉಂಟು. ಆದ್ದರಿಂದ ಕಾಲೇಜಿನವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಕ್ಯಾಂಪಸ್ ಸಂದರ್ಶನ ಉಂಟೇ ಎಂಬುದಲ್ಲ. ನಾಲ್ಕನೆಯ ವರ್ಷದಲ್ಲಿ ವಿದ್ಯಾರ್ಥಿ ಒಂದು ಚಿತ್ರಪುಸ್ತಕವನ್ನು ತನ್ನ ಅಂತಿಮ ಕೆಲಸವಾಗಿ ಒಪ್ಪಿಸಬಹುದೇ, ಕಳೆದ ವರ್ಷ ಯಾರಾದರೂ ಒಪ್ಪಿಸಿದ್ದಾರೆಯೇ, ಅದನ್ನು ನೋಡಲು ಕೊಡುತ್ತೀರಾ ಎಂದು ಕೇಳಿ.

ಪುಸ್ತಕದ ಚಿತ್ರ ಒಳ್ಳೆಯ ಚಿತ್ರವಾದರೆ ಸಾಲದು ಎಂಬುದು ನನಗೆ ತಿಳಿದದ್ದು ಪದವಿ ಮುಗಿದು ವರ್ಷವಾದ ಮೇಲೆ. ನನ್ನ ಮೊದಲ ಪುಸ್ತಕದಲ್ಲಿ ಎರಡು ಪುಟಗಳಿಗೆ ಹರಡಿದ ಒಂದು ಜಾತ್ರೆಯ ಚಿತ್ರವಿತ್ತು. ಕಥೆಯ ಹುಡುಗಿಯನ್ನು ಸರಿಯಾಗಿ ನಡುವೆ ನಿಲ್ಲಿಸಿದ್ದೆ. ಪುಸ್ತಕ ಹೊಲಿದು ಬಂದಾಗ ಅವಳ ಮೂಗು ಮಡಿಕೆಯೊಳಗೆ ಹೋಗಿತ್ತು. ಹಸಿರು ಸೀರೆಗೆ ನಾನು ಪರದೆಯ ಮೇಲೆ ಕಂಡ ಹೊಳಪು ಕಾಗದದಲ್ಲಿ ಬರಲೇ ಇಲ್ಲ, ಏಕೆಂದರೆ ಪರದೆಯ ಬಣ್ಣ ಬೆಳಕಿನದು, ಅಚ್ಚಿನ ಬಣ್ಣ ನಾಲ್ಕು ಶಾಯಿಗಳ ಮಿಶ್ರಣದ್ದು. ದೊಡ್ಡ ಹಾಳೆಯನ್ನು ಅಚ್ಚುಮಾಡಿ ಮಡಚಿದಾಗ ಎಂಟು ಅಥವಾ ಹದಿನಾರು ಪುಟಗಳಾಗುವುದರಿಂದಲೇ ಮಕ್ಕಳ ಚಿತ್ರಪುಸ್ತಕಗಳು ಸಾಮಾನ್ಯವಾಗಿ 16, 24, 32 ಪುಟಗಳಲ್ಲಿ ಇರುತ್ತವೆ ಎಂಬುದಾಗಲಿ, ಕತ್ತರಿಸುವಾಗ ಬಿಳಿ ಅಂಚು ಕಾಣದಿರಲು ಚಿತ್ರವನ್ನು ಪುಟದ ಅಳತೆಗಿಂತ ಸುತ್ತಲೂ 3 ಮಿ.ಮೀ. ಹೆಚ್ಚು ಹರಡಬೇಕು ಎಂಬುದಾಗಲಿ ನನಗೆ ತಿಳಿದಿರಲಿಲ್ಲ. ಕನ್ನಡದ್ದೇ ಒಂದು ಕಷ್ಟವೂ ಇದೆ. ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಇಂಗ್ಲಿಷ್ ಪಠ್ಯ ನೋಡಿ ಆಕಾಶದಲ್ಲಿ ಬಿಟ್ಟ ಖಾಲಿ ಜಾಗ ಕನ್ನಡ ಆವೃತ್ತಿಯಲ್ಲಿ ಸಾಲದೆ, ‘ಸ್ತ್ರೀ’ಯ ಒತ್ತು ಹಾರುವ ಹಕ್ಕಿಯ ತಲೆಯ ಮೇಲೆ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇವನ್ನೆಲ್ಲ ಕಲಿಸುವ, ಇಲ್ಲವೇ ಕನಿಷ್ಠ ವಿದ್ಯಾರ್ಥಿಗಳನ್ನು ಒಂದು ಅಚ್ಚುಕೂಟಕ್ಕಾದರೂ ಕರೆದೊಯ್ಯುವ ಅಧ್ಯಾಪಕರು ಎಲ್ಲಿದ್ದಾರೆಂದು ನೋಡಿ. ಅಂಥವರು ಸಣ್ಣ ಊರಿನ ಕಾಲೇಜಿನಲ್ಲಿದ್ದರೆ ಸಣ್ಣ ಊರೇ ಮೇಲು.

ನಿವೃತ್ತ ಡ್ರಾಯಿಂಗ್ ಮಾಸ್ತರ, ಧಾರವಾಡ:

ಹಾವೇರಿಯಿಂದ ಬರೆಯುತ್ತಿದ್ದೀರಿ, ಎಲ್ಲರೂ ಬೆಂಗಳೂರು ಎನ್ನುವ ಮುನ್ನ ನಮ್ಮ ಸೀಮೆಯ ಲೆಕ್ಕವನ್ನೂ ಸ್ವಲ್ಪ ಕೇಳಿರಿ. ನಿಮಗೆ ಸಮೀಪದ್ದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. ಅಲ್ಲಿ ಅನ್ವಯಿಕ ಕಲೆಯೂ ಉಂಟು, ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳಿ ಬರುವಷ್ಟು ಹತ್ತಿರ. ಹುಬ್ಬಳ್ಳಿಯಲ್ಲಿ ವಿಜಯ ಮಹಾಂತೇಶ ಲಲಿತಕಲಾ ಮಹಾವಿದ್ಯಾಲಯವಿದೆ. ಧಾರವಾಡದಲ್ಲಿ ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ಕಲಾಶಾಲೆಗಳಿಂದಲೇ ಈ ಭಾಗದ ಎಷ್ಟೋ ಊರುಗಳ ಹೈಸ್ಕೂಲುಗಳಿಗೆ ನಮ್ಮಂಥ ಮಾಸ್ತರರು ಬಂದದ್ದು. ಇನ್ನು ಕಲಬುರಗಿಯವರೇ ಆದ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ದೇಶದ ಮನೆಮನೆಗೂ ಮುಟ್ಟಿದವರು. ಅವರು ಮಾಡಿದ್ದೂ ಅನ್ವಯಿಕ ಕಲೆಯೇ, ಆದರೆ ಅವರ ಕೈ ಪಳಗಿದ್ದು ಮನುಷ್ಯಾಕೃತಿಯ ಕಟ್ಟುನಿಟ್ಟಾದ ಅಭ್ಯಾಸದಿಂದ. ಆಕೃತಿ ಬಾರದವರಿಗೆ ಕಥೆಗೆ ಚಿತ್ರ ಬರೆಯಲು ಬಾರದು ಎಂಬುದು ನನ್ನ ಹಳೆಯ ಹಟ, ಇಂದಿನವರು ಒಪ್ಪಲಿಕ್ಕಿಲ್ಲ.

ಕಾಲೇಜೆಂಬುದೇ ಇಲ್ಲದ ಊರಿನವನಾದ ನಾನು ಮೊದಲು ಕಲಿತದ್ದು ಅಂಚೆಯಿಂದ ಎಂಬುದನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು. ಚಂದಮಾಮದ ಮುಖಪುಟಗಳನ್ನು ಬರೆಯುತ್ತಿದ್ದ ಎಂ.ಟಿ.ವಿ. ಆಚಾರ್ಯರು ಬೆಂಗಳೂರಿಗೆ ಮರಳಿದ ಮೇಲೆ ಅಂಚೆಯ ಮೂಲಕ ಚಿತ್ರಕಲೆ ಕಲಿಸುತ್ತಿದ್ದರು. ನಾವು ಕಳಿಸಿದ ಹಾಳೆ ತಿದ್ದುಪಡಿಯೊಡನೆ ತಿರುಗಿ ಬರುವವರೆಗೆ ಅಂಚೆಯವನ ದಾರಿ ಕಾಯುತ್ತಿದ್ದೆವು. ತಿದ್ದುವ ಗುರು ಮುಖ್ಯ, ಕಟ್ಟಡ ಆಮೇಲೆ.

ಕಾವಾದ ಹಳೆಯ ವಿದ್ಯಾರ್ಥಿ, ಮೈಸೂರು:

ಖರ್ಚಿನ ಮಾತು ಬಂದದ್ದರಿಂದ ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಮಹಾವಿದ್ಯಾಲಯವನ್ನು, ಅಂದರೆ ಎಲ್ಲರೂ ಕಾವಾ ಎಂದು ಕರೆಯುವುದನ್ನು, ನೀವು ಪಟ್ಟಿಯ ಮೇಲ್ಗಡೆ ಇಡಬೇಕು. ಸರ್ಕಾರಿ ಸಂಸ್ಥೆಯಾದ್ದರಿಂದ ಶುಲ್ಕ ಸಾಮಾನ್ಯ ಕುಟುಂಬಕ್ಕೆ ಎಟುಕುವಂಥದು. ಇದರ ಬೇರು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿದೆ. ಆ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1906ರಲ್ಲಿ.

ನನ್ನ ಮಟ್ಟಿಗೆ ಅಲ್ಲಿನ ದೊಡ್ಡ ಪಾಠಶಾಲೆ ಊರೇ ಆಗಿತ್ತು. ಬೆಳಿಗ್ಗೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಕುಕ್ಕೆಗಳನ್ನೂ ಬಾಳೆಗೊನೆ ಹೊರುವವರನ್ನೂ ಬರೆಯುವುದು, ರಜೆಯ ದಿನ ಮೃಗಾಲಯದಲ್ಲಿ ಒಂದು ಕ್ಷಣವೂ ನಿಲ್ಲದ ಕೋತಿಯನ್ನು ಹತ್ತು ಗೆರೆಗಳಲ್ಲಿ ಹಿಡಿಯಲು ಒದ್ದಾಡುವುದು, ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ನಿಂತು ಸೀರೆಯ ನಿರಿಗೆಯನ್ನು ನಕಲು ಮಾಡುವುದು. ಮಕ್ಕಳ ಪುಸ್ತಕ ಮಾಡುವವಳಿಗೆ ಪ್ರಾಣಿಯ ನಡಿಗೆ, ಮುದುಕಿಯ ಕೂರುವ ಭಂಗಿ ಇವು ಕೈಯಲ್ಲಿರಬೇಕು, ಅವು ಕೊಠಡಿಯಲ್ಲಿ ಸಿಗುವುದಿಲ್ಲ.

ಮುದ್ರಣಕಲೆಯವನು, ಬೆಂಗಳೂರು:

ಹಾಗಾದರೆ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಪರವಾಗಿಯೂ ಒಂದು ಮಾತು ಹೇಳಲೇಬೇಕಾಯಿತು. ಕುಮಾರಕೃಪಾ ರಸ್ತೆಯ ಆ ಆವರಣದಲ್ಲಿ ಕಾಲೇಜಿನ ಜೊತೆಗೇ ಗ್ಯಾಲರಿಗಳಿವೆ, ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾಯರ ಕಾಲದಲ್ಲಿ ಕೂಡಿಬಂದ ತೊಗಲುಗೊಂಬೆಗಳ ಸಂಗ್ರಹವಿದೆ. ಕಥೆ ಹೇಳುವ ಚಿತ್ರ ಹೇಗಿರಬೇಕು ಎಂಬುದಕ್ಕೆ ಆ ಗೊಂಬೆಗಳಿಗಿಂತ ಒಳ್ಳೆಯ ಪಠ್ಯವಿಲ್ಲ: ದೂರದಿಂದ, ಪರದೆಯ ಹಿಂದಿನ ಎಣ್ಣೆದೀಪದ ಬೆಳಕಿನಲ್ಲಿ, ಹೊರಗೆರೆಯಿಂದಲೇ ಇವನು ರಾವಣ, ಇವಳು ಸೀತೆ ಎಂದು ಮಗುವಿಗೂ ತಿಳಿಯಬೇಕು. ಸ್ವಲ್ಪ ದೂರದಲ್ಲಿ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಟ್ರಿನಿಟಿ ವೃತ್ತದ ಬಳಿ ವ್ಯಂಗ್ಯಚಿತ್ರಗಳಿಗೇ ಮೀಸಲಾದ ಗ್ಯಾಲರಿ ಇವೆ. ಜನವರಿಯ ಚಿತ್ರಸಂತೆಯಲ್ಲಿ ಇಡೀ ರಸ್ತೆಯೇ ಪ್ರದರ್ಶನವಾಗುತ್ತದೆ. ಆದರೆ ಬೆಂಗಳೂರಿನ ಪಿ.ಜಿ. ಬಾಡಿಗೆಯನ್ನು ಶುಲ್ಕದ ಜೊತೆ ಕೂಡಿಸಿ ಲೆಕ್ಕ ಹಾಕಿರಿ. ಊಟ, ಬಣ್ಣ, ಕಾಗದ ಬೇರೆ. ಮೊದಲ ವರ್ಷ ಮಾತ್ರ ಬಣ್ಣಕ್ಕೆ ಖರ್ಚು, ಆಮೇಲೆ ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾವೇರಿಯ ತಂದೆ:

ಗ್ರಾಫಿಕ್ಸ್ ವಿಷಯದಲ್ಲಿ ನನ್ನನ್ನು ಉಳಿಸಿದ್ದಕ್ಕೆ ಕೃತಜ್ಞತೆಗಳು. ಮಗಳಿಗೆ ಇದನ್ನು ಓದಿಸಿದೆ. ಕಬ್ಬಿಣದ ಪ್ರೆಸ್ಸಿನ ಮಾತಿಗೆ ಅವಳು ನಕ್ಕಳು, ಆದರೆ ಅದನ್ನೂ ಒಮ್ಮೆ ನೋಡಬೇಕು ಎನ್ನುತ್ತಿದ್ದಾಳೆ. ಬಂಧುಗಳೊಬ್ಬರು ಖಾಸಗಿ ಡಿಸೈನ್ ಸಂಸ್ಥೆಗಳೇ ಮೇಲು, ಸಾಲ ಮಾಡಿಯಾದರೂ ಸೇರಿಸಿ ಎಂದಿದ್ದಾರೆ. ಎನ್‌ಐಡಿ ಎಂಬ ಹೆಸರನ್ನೂ ಹೇಳಿದರು. ಇವುಗಳ ಬಗ್ಗೆ ಯಾರಾದರೂ ತಿಳಿಸುವಿರಾ?

ಕಂತು ಕಟ್ಟುತ್ತಿರುವ ತಾಯಿ, ತುಮಕೂರು:

ನಾನು ತಿಳಿಸುತ್ತೇನೆ. ನನ್ನ ಮಗ ಓದಿದ್ದು ಒಂದು ಖಾಸಗಿ ಡಿಸೈನ್ ಸಂಸ್ಥೆಯಲ್ಲಿ, ಹೆಸರು ಬೇಡ. ಕಟ್ಟಡ, ಕಂಪ್ಯೂಟರು, ಗ್ರಂಥಾಲಯ ಎಲ್ಲವೂ ಚೆನ್ನಾಗಿದ್ದವು, ಅಧ್ಯಾಪಕರಲ್ಲಿ ಕೆಲವರು ನಿಜಕ್ಕೂ ಪ್ರತಿಭಾವಂತರು. ಅವನು ಅಲ್ಲಿ ಕಲಿತದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಕ್ಕಳ ಪುಸ್ತಕ ಮಾಡಬೇಕೆಂದು ಸೇರಿದವನು ಇಂದು ಒಂದು ಮೊಬೈಲ್ ಆ್ಯಪ್ ಕಂಪನಿಯಲ್ಲಿ ಗುಂಡಿಗಳ ಬಣ್ಣ ನಿರ್ಧರಿಸುತ್ತಾನೆ, ಏಕೆಂದರೆ ತಿಂಗಳಿಗೆ 23,000 ರೂಪಾಯಿ ಕಂತು ಕಟ್ಟಬೇಕು, ಮತ್ತು ಪುಸ್ತಕದ ಚಿತ್ರಗಳಿಂದ ಆ ಹಣ ಪ್ರತಿ ತಿಂಗಳೂ ಬರುವುದಿಲ್ಲ. ಸಾಲ ಅವನ ವಿಷಯವನ್ನೇ ಬದಲಾಯಿಸಿತು. ನಿಮ್ಮ ಮಗಳು ಮಾಡಬೇಕೆಂದಿರುವ ಕೆಲಸದಿಂದ ತೀರಿಸಲಾಗದಷ್ಟು ಸಾಲವನ್ನು ಆ ಕೆಲಸ ಕಲಿಯಲೆಂದು ಮಾಡಬೇಡಿ.

ಎನ್‌ಐಡಿ, ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಸರ್ಕಾರದ್ದು, 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದದ್ದು. ಅಲ್ಲಿನ ಬಿ.ಡಿಸ್. ಎಂಬ ಡಿಸೈನ್ ಪದವಿಗೆ ಪ್ರಿಲಿಮ್ಸ್, ಮೇನ್ಸ್ ಎಂಬ ಎರಡು ಹಂತದ ಪರೀಕ್ಷೆ. ಗ್ರಾಫಿಕ್ ಡಿಸೈನ್, ಅನಿಮೇಷನ್ ಫಿಲ್ಮ್ ಡಿಸೈನ್ ಎರಡರಲ್ಲೂ ಚಿತ್ರಕಥನಕ್ಕೆ ಜಾಗವಿದೆ. ಬೆಂಗಳೂರಿನ ಎನ್‌ಐಡಿ ಕೇಂದ್ರದಲ್ಲಿರುವುದು ಸ್ನಾತಕೋತ್ತರ ಓದು ಮಾತ್ರ, ಅದನ್ನು ನಂಬಿ ಅರ್ಜಿ ತುಂಬಬೇಡಿ. ಐಐಟಿ ಬಾಂಬೆಯ ಬಿ.ಡಿಸ್.ಗೆ ಯುಸೀಡ್ ಎಂಬ ಪರೀಕ್ಷೆ ಜನವರಿಯಲ್ಲಿ ನಡೆಯುತ್ತದೆ. ಪಿಯುಸಿ ಮುಗಿದ ಮೇಲೆ ವಿಚಾರಿಸುವವರಿಗೆ ಇವೆರಡೂ ಆ ವರ್ಷಕ್ಕೆ ಕೈಮೀರಿರುತ್ತವೆ. ಅವಳಿಗೆ ಮನಸ್ಸಿದ್ದರೆ ಬಿ.ವಿ.ಎ. ಮುಗಿಸಿ ಎಂ.ಡಿಸ್.ಗೆ ಪ್ರಯತ್ನಿಸಲಿ.

ಬೆಳಗಾವಿಯವನು:

ಮುಂಬಯಿಯ ಜೆ.ಜೆ. ಹೆಸರು ಇನ್ನೂ ಬಂದಿಲ್ಲವೆಂದು ಬರೆಯುತ್ತಿದ್ದೇನೆ. 1857ರಲ್ಲಿ ಹುಟ್ಟಿದ ಆ ಕಲಾಶಾಲೆಯ ಪಕ್ಕದಲ್ಲೇ ಅನ್ವಯಿಕ ಕಲೆಗೆ ಪ್ರತ್ಯೇಕ ಸಂಸ್ಥೆ ಬೆಳೆಯಿತು, ಇಲಸ್ಟ್ರೇಷನ್‌ಗೆ ಅಲ್ಲಿ ಹಳೆಯ ಮನ್ನಣೆಯಿದೆ. ಹೊರರಾಜ್ಯದವರಿಗೆ ಪೈಪೋಟಿ ಬಿಗಿ. ನಮ್ಮ ಬೆಳಗಾವಿಯ ಹುಡುಗರಿಗೆ ಅದು ಕನಸಿನ ಜಾಗವೇ ಆದರೂ, ಇಲ್ಲೇ ಕೆ.ಬಿ. ಕುಲಕರ್ಣಿ ಮಾಸ್ತರರ ಬಳಿ ಕಲಿತ ರವಿ ಪರಾಂಜಪೆಯವರು ದೇಶದ ದೊಡ್ಡ ಇಲಸ್ಟ್ರೇಟರ್‌ಗಳಲ್ಲಿ ಒಬ್ಬರಾದರು. ಇನ್ನು ಮೈಸೂರಿನ ಆರ್.ಕೆ. ಲಕ್ಷ್ಮಣರಿಗೆ ಜೆ.ಜೆ.ಯಲ್ಲಿ ಸೀಟೇ ಸಿಗಲಿಲ್ಲ. ಅವರು ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುತ್ತಲೇ ಅಣ್ಣ ನಾರಾಯಣರ ಕಥೆಗಳಿಗೆ ಚಿತ್ರ ಬರೆದರು. ಇದನ್ನು ಸೀಟು ಸಿಗದವರ ಸಮಾಧಾನಕ್ಕೆ ಹೇಳುತ್ತಿದ್ದೇನೆಯೇ ಹೊರತು ಕಾಲೇಜೇ ಬೇಡವೆಂದಲ್ಲ. ಲಕ್ಷ್ಮಣರಾಗುವುದು ಯೋಜನೆ ಹಾಕಿ ಮಾಡುವ ಕೆಲಸವಲ್ಲವಷ್ಟೆ.

ಕೇಂಬ್ರಿಜ್ ಬಳಿಯ ಕನ್ನಡತಿ:

ಒಂದೇ ಮಾತು. ಇಲ್ಲಿ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಪುಸ್ತಕ ಚಿತ್ರಣಕ್ಕೆಂದೇ ಸ್ನಾತಕೋತ್ತರ ಪದವಿಯಿದೆ, ಜಗತ್ತಿನ ಎಲ್ಲ ಕಡೆಯಿಂದ ಬರುತ್ತಾರೆ. ಅದೂ ಶುರುವಾಗುವುದು ಸ್ಕೆಚ್ ಪುಸ್ತಕ ಹಿಡಿದು ಕಂಡದ್ದನ್ನು ಬರೆಯುವುದರಿಂದಲೇ, ಅಂದರೆ ಮೈಸೂರಿನವರು ದೇವರಾಜ ಮಾರುಕಟ್ಟೆಯಲ್ಲಿ ಮಾಡಿದ್ದನ್ನೇ. ಇದು ಪದವಿಯ ನಂತರದ ಮಾತು, ಖರ್ಚೂ ದೊಡ್ಡದು, ಈಗ ಅವಸರವಿಲ್ಲ.

ಹಾವೇರಿಯ ಮಗಳು:

ಅಪ್ಪನ ಫೋನಿನಿಂದ ನಾನೇ ಬರೆಯುತ್ತಿದ್ದೇನೆ. ಪುಸ್ತಕಗಳಿಗೆ ಚಿತ್ರ ಬರೆಯುವ ಅಕ್ಕನವರಿಗೆ ಎರಡು ಪ್ರಶ್ನೆಗಳಿವೆ. ಡಿಜಿಟಲ್ ಟ್ಯಾಬ್ಲೆಟ್ ಈಗಲೇ ಕೊಳ್ಳಬೇಕೇ? ಮತ್ತು ನನ್ನ ಶೈಲಿ ಯಾವುದೆಂದು ನನಗೇ ತಿಳಿದಿಲ್ಲ, ಸಂದರ್ಶನದಲ್ಲಿ ಕೇಳಿದರೆ ಏನು ಹೇಳಲಿ?

ಪುಸ್ತಕಗಳಿಗೆ ಚಿತ್ರ ಬರೆಯುವವಳು:

ಟ್ಯಾಬ್ಲೆಟ್ ಎರಡನೆಯ ವರ್ಷ ಮುಗಿಯುವವರೆಗೆ ಬೇಡ, ತಂಗಿ. ಆ ಹಣದಲ್ಲಿ ಕಾಗದ ತೆಗೆದುಕೊ. ಇಂದು ನನ್ನ ಬಹುತೇಕ ಕೆಲಸ ಟ್ಯಾಬ್ಲೆಟ್ಟಿನಲ್ಲೇ ನಡೆಯುವುದಾದರೂ, ಅದರಲ್ಲಿ ತಪ್ಪನ್ನು ಒಂದೇ ಬೆರಳಿನಿಂದ ಹಿಂದಕ್ಕೆ ಪಡೆಯಬಹುದಾದ್ದರಿಂದ ಕಲಿಯುವ ಕಾಲದಲ್ಲಿ ಅದು ಕಣ್ಣನ್ನು ಸೋಮಾರಿ ಮಾಡುತ್ತದೆ. ಶೈಲಿ ತಿಳಿಯದು ಎಂದೇ ಸಂದರ್ಶನದಲ್ಲಿ ಹೇಳು. ಹದಿನೆಂಟರ ವಯಸ್ಸಿನಲ್ಲಿ ಶೈಲಿ ಸಿದ್ಧವಾಗಿದೆ ಎನ್ನುವವರ ಹಾಳೆಗಳಲ್ಲಿ ಸಾಮಾನ್ಯವಾಗಿ ಇನ್ನೊಬ್ಬರ ಶೈಲಿ ಇರುತ್ತದೆ.

ಕಾಲೇಜು ಯಾವುದಾದರೂ ಒಂದು ಕೆಲಸ ಈ ವಾರವೇ ಶುರು ಮಾಡಬಹುದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಮಕ್ಕಳ ಕಥೆಗಳು ಕನ್ನಡದಲ್ಲೂ ಇವೆ. ಒಂದು ಕಥೆಯ ಮಾತುಗಳನ್ನಷ್ಟೇ ಬರೆದುಕೊಂಡು, ಅಲ್ಲಿನ ಚಿತ್ರಗಳನ್ನು ನೋಡದೆ, ಹದಿನಾರು ಪುಟಗಳಿಗೆ ಹಂಚಿ ಅಂಗೈಯಗಲದ ಚೌಕಗಳಲ್ಲಿ ಬಿಡಿಸು. ಎಲ್ಲಿ ಪುಟ ತಿರುವಬೇಕು ಎಂದು ನಿರ್ಧರಿಸುವುದೇ ಈ ವೃತ್ತಿಯ ಅರ್ಧ. ಆಮೇಲೆ ಅವರ ಪುಸ್ತಕ ನೋಡು.

ಹಾವೇರಿಯ ತಂದೆ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ನಿಮ್ಮ ಮಾತಿನಂತೆ ಮೂರು ಕಾಲೇಜುಗಳನ್ನು ಕಣ್ಣಾರೆ ನೋಡಿ ಬಂದೆವು. ಒಂದರಲ್ಲಿ ಕೊನೆಯ ವರ್ಷದವರ ಕೆಲಸ ತೋರಿಸಿ ಎಂದಾಗ ಕಚೇರಿಯವರು ಬಣ್ಣದ ಮಾಹಿತಿ ಪುಸ್ತಿಕೆಯನ್ನು ಕೈಗಿಟ್ಟರು, ಸ್ಟುಡಿಯೋಗೆ ಬಿಡಲಿಲ್ಲ. ಇನ್ನೊಂದರಲ್ಲಿ ಅಧ್ಯಾಪಕರೊಬ್ಬರು ತಾವೇ ಕಪಾಟು ತೆಗೆದು ವಿದ್ಯಾರ್ಥಿಗಳು ಕೈಯಲ್ಲೇ ಹೊಲಿದ ನಾಲ್ಕು ಪುಸ್ತಕಗಳನ್ನು ಮೇಜಿನ ಮೇಲಿಟ್ಟರು. ಒಂದರಲ್ಲಿ ಅಜ್ಜಿಯ ಕಾಲು ಮಡಿಕೆಯೊಳಗೆ ಸಿಕ್ಕಿಕೊಂಡಿದ್ದನ್ನು ಮಗಳು ತೋರಿಸಿದಳು; ಅಧ್ಯಾಪಕರು ನಕ್ಕು, ಅದಕ್ಕೇ ಅವನಿಗೆ ಎರಡು ಅಂಕ ಕಡಿಮೆ ಕೊಟ್ಟೆ ಎಂದರು. ಅಲ್ಲಿಗೇ ಅನ್ವಯಿಕ ಕಲೆಯನ್ನು ಬರೆದು ಅರ್ಜಿ ಕೊಟ್ಟಿದ್ದೇವೆ, ಎರಡನೆಯ ಆಯ್ಕೆ ಗ್ರಾಫಿಕ್ಸ್, ಅದು ಅವಳದೇ ಹಟ. ಮುಂದಿನ ಸೋಮವಾರ ಪ್ರವೇಶ ಪರೀಕ್ಷೆ. ಎದುರಿಗಿಟ್ಟ ವಸ್ತುಗಳನ್ನು ನೋಡಿ ಬರೆಯುವುದು ಒಂದು, ಕೊಟ್ಟ ವಿಷಯಕ್ಕೆ ಚಿತ್ರ ಕಲ್ಪಿಸುವುದು ಇನ್ನೊಂದು ಎಂದಿದ್ದಾರೆ. ಜೊತೆಗೆ ಹಿಂದಿನ ಕೆಲಸಗಳನ್ನೂ ತರಬೇಕಂತೆ. ಯಾವುದನ್ನು ಇಡಲಿ?

ನಿವೃತ್ತ ಡ್ರಾಯಿಂಗ್ ಮಾಸ್ತರ, ಧಾರವಾಡ:

ಮೊಬೈಲಿನಲ್ಲಿ ನೋಡಿ ತೆಗೆದ ನಟನಟಿಯರ ಮುಖಗಳನ್ನೆಲ್ಲ ಮನೆಯಲ್ಲೇ ಬಿಡಲಿ, ಅವು ಎಷ್ಟೇ ಚೆಂದ ಬಂದಿರಲಿ. ಹಾವೇರಿಯ ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ಕೂತು ಬರೆದದ್ದು ಇದ್ದರೆ ಕೊಳೆಯಾದ ಹಾಳೆಯಾದರೂ ಸರಿ, ಅದು ಮೇಲೆ ಬರಲಿ; ಅಕ್ಕ ಹೇಳಿದ ಹದಿನಾರು ಚೌಕಗಳು ಆಗಿದ್ದರೆ ಅವೂ ಇರಲಿ. ಇಪ್ಪತ್ತು ಹಾಳೆ ಸಾಕು. ಸ್ವಂತ ಹಲಗೆ, ನಾಲ್ಕು ಕ್ಲಿಪ್ಪು, 2ಬಿಯಿಂದ 6ಬಿವರೆಗಿನ ಪೆನ್ಸಿಲ್ಲುಗಳನ್ನು ಬ್ಲೇಡಿನಿಂದ ಉದ್ದ ಮೊನೆ ಮಾಡಿ ಒಯ್ಯಲಿ. ಮಳೆ ಹಿಡಿದಿದೆ, ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುವುದನ್ನು ಮರೆಯಬೇಡಿರಿ.